ಬೀಗ ಹಾಕಿದರೆ ಸೂಜಿ ಮಾಯವಾಗುವುದಿಲ್ಲ

2025ರ ಮಾರ್ಚ್ ತಿಂಗಳಲ್ಲಿ ನೆರೆಯ ಕೇರಳದಿಂದ ಒಂದು ಸುದ್ದಿ ಬಂತು. ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ ಒಂದೇ ಗೆಳೆಯರ ಕೂಟದ 10 ಮಂದಿಗೆ ಎಚ್‌ಐವಿ ತಗಲಿರುವುದು ಆರೋಗ್ಯ ತಪಾಸಣೆಯಲ್ಲಿ ಪತ್ತೆಯಾಗಿತ್ತು. ಅವರಲ್ಲಿ ಮೂವರು ಹೊರ ರಾಜ್ಯದ ಕೂಲಿಕಾರರು. ಒಂದೇ ಸಿರಿಂಜಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾದಕವಸ್ತು ಚುಚ್ಚಿಕೊಂಡದ್ದೇ ಕಾರಣ ಅಂತ ಅಧಿಕಾರಿಗಳು ಹೇಳಿದ್ದರು. ಮಲಪ್ಪುರಂ ನಮಗೆ ಪರದೇಶವಲ್ಲ. ನಮ್ಮ ಕರಾವಳಿಯ ಎಷ್ಟೋ ಉಸ್ತಾದರು ಅಲ್ಲಿನ ದರ್ಸ್‌ಗಳಲ್ಲಿ ಓದಿ ಬಂದವರು. ಅದೇ ತಿಂಗಳು ಮಂಗಳೂರು ಸಿಸಿಬಿ ಪೊಲೀಸರು 37.87 ಕೆ.ಜಿ. ಎಂಡಿಎಂಎ ವಶಪಡಿಸಿಕೊಂಡರು. ಬೆಲೆ 75 ಕೋಟಿ ರೂಪಾಯಿ. ಬಂಧಿತರು ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರು.

ಇಂಥ ಸುದ್ದಿ ಬಂದಾಗಲೆಲ್ಲ ಜುಮಾ ಮುಗಿಸಿ ಹೊರಗೆ ನಿಂತವರ ಬಾಯಲ್ಲಿ ಬರುವ ಮಾತು ಒಂದೇ: ಯಾರು ತರುತ್ತಾರೆ, ಯಾರು ಮಾರುತ್ತಾರೆ, ಯಾರ ಮಗ ಸಿಕ್ಕಿಬಿದ್ದ. ಅದೆಲ್ಲ ಇರಲಿ. ನಾವು ಇಲ್ಲಿ ಕೇಳಬೇಕೆಂದಿರುವುದು ಅದಕ್ಕಿಂತ ಸಣ್ಣ ಪ್ರಶ್ನೆ. ಚುಚ್ಚಿಕೊಳ್ಳುವವನು ಎಲ್ಲಿ ಕೂತು ಚುಚ್ಚಿಕೊಳ್ಳುತ್ತಾನೆ? ಬಾಗಿಲು ಬೇಕು, ಒಳಗಿನಿಂದ ಚಿಲಕ ಬೇಕು, ಸ್ವಲ್ಪ ನೀರು ಬೇಕು, ಐದು ನಿಮಿಷ ಯಾರೂ ಏನು ಮಾಡ್ತಿದ್ದೀ ಅಂತ ಕೇಳಬಾರದು. ಇಷ್ಟೂ ಸಿಗುವ ಜಾಗ ಸಾರ್ವಜನಿಕ ಶೌಚಾಲಯ. ಅವನು ಹೊರಗೆ ಬಂದ ಮೇಲೆ ಅದೇ ಬಾಗಿಲಿನಿಂದ ಒಳಗೆ ಹೋಗುವವರು ಯಾರು? ನಮ್ಮ ಉಮ್ಮ, ನಮ್ಮ ಮಗು, ಬೆಳಿಗ್ಗೆ ಪೊರಕೆ ಹಿಡಿದು ಬರುವ ಬಡಪಾಯಿ.

ನಾವು ಹುಟ್ಟಿ ಬೆಳೆದದ್ದು ಕರಾವಳಿ. ಅನ್ನ ಸಿಕ್ಕಿದ್ದು ಬಯಲುಸೀಮೆಯಲ್ಲಿ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಆಸುಪಾಸಿನಲ್ಲಿ ಮದ್ರಸ ಪಾಠ ಹೇಳುತ್ತಾ ವರ್ಷಗಳಾದವು. ಇಲ್ಲಿನ ಮಕ್ಕಳು ದಖ್ಖನಿ ಮಾತಾಡುವವರು, ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, 'ಹಜ್ರತ್' ಅನ್ನುತ್ತಾರೆ. ಮೊದಮೊದಲು ಯಾರನ್ನು ಕರೆಯುತ್ತಿದ್ದಾರೆ ಅಂತ ತಿರುಗಿ ನೋಡುತ್ತಿದ್ದೆವು! ಪಟ್ಟನಾಯಕನಹಳ್ಳಿ ಅಂದರೆ ಗುರುಗುಂಡ ಬ್ರಹ್ಮೇಶ್ವರಸ್ವಾಮಿ ಮಠದ ಊರು. ನಂಜಾವಧೂತ ಸ್ವಾಮೀಜಿಯವರ ಹೆಸರನ್ನು ಓದುಗರು ಕೇಳಿರಬಹುದು. ಮಠಕ್ಕೆ ಭಕ್ತರು ಬರುತ್ತಾರೆ. ಶಿರಾ ಪೇಟೆಯ ಜುಮ್ಮಾ ಮಸೀದಿ, ಮಲಿಕ್ ರಿಹಾನ್ ದರ್ಗಾ ನೋಡಲು ಬೇರೆ ಜನ ಬರುತ್ತಾರೆ. ಬೆಂಗಳೂರಿನಿಂದ ಪುಣೆ, ಮುಂಬೈಗೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ಶಿರಾವನ್ನು ಮುಟ್ಟಿಕೊಂಡೇ ಹೋಗುತ್ತದೆ. ಹಗಲು ರಾತ್ರಿ ಲಾರಿ, ಬಸ್ಸು, ಕಾರು. ಅಷ್ಟೂ ಜನ ಎಲ್ಲೋ ಒಂದು ಕಡೆ ಇಳಿಯಲೇಬೇಕು. ಬಸ್ ನಿಲ್ದಾಣ, ಪೆಟ್ರೋಲ್ ಪಂಪ್, ಡಾಬಾ, ಟೋಲ್ ಗೇಟ್, ಇಲ್ಲವಾದರೆ ರಸ್ತೆ ಬದಿಯ ಮಸೀದಿ. ರಜೆಯಲ್ಲಿ ನಾವು ಮನೆಯವರನ್ನು ಕರೆದುಕೊಂಡು ಹುಳಿಯಾರು, ಅರಸೀಕೆರೆ, ಹಾಸನ ದಾಟಿ ಊರಿಗೆ ಇಳಿಯುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕುವುದು ಊಟದ್ದಲ್ಲ, ಟಾಯ್ಲೆಟ್‌ನದ್ದು. ಹೆಂಗಸರ ಜೊತೆ ಪ್ರಯಾಣ ಮಾಡಿದ ಯಾರಿಗಾದರೂ ಇದು ಗೊತ್ತು. ಕೆಲವು ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂತಿರುತ್ತಾರೆ.

ಬೀಗದ ಕತೆ

ಹೆದ್ದಾರಿ ಪಕ್ಕದ ಒಂದು ಮಸೀದಿ, ಹೆಸರು ಬೇಡ. ಅಲ್ಲಿನ ಶೌಚಾಲಯದ ಗವಾಕ್ಷಿಯ ಮೇಲೆ ಒಂದು ದಿನ ಸೂಜಿ ಸಿಕ್ಕಿಸಿದ ಸಿರಿಂಜ್ ಸಿಕ್ಕಿತು. ಇಶಾ ಆದ ಮೇಲೆ ಕಮಿಟಿ ಸೇರಿತು. ಹಿರಿಯರೊಬ್ಬರು ಎದ್ದು ನಿಂತು, ಇದು ಅಲ್ಲಾಹನ ಮನೆ, ಅಮಲಿನವರ ಅಡ್ಡೆ ಅಲ್ಲ, ನಾಳೆಯಿಂದಲೇ ಬೀಗ ಹಾಕಿ ಅಂದರು. ಯಾರೂ ಎದುರು ಮಾತಾಡಲಿಲ್ಲ. ಬೀಗ ಬಿತ್ತು. ನಮಾಜಿನ ಹೊತ್ತಿಗೆ ಮಾತ್ರ ತೆಗೆಯುವುದು, ಕೀಲಿಕೈ ಮೌಝಿನ್ ಹತ್ತಿರ.

ಆಮೇಲೆ ಆದದ್ದೇನು? ನಿಲ್ಲಿಸಿದ ವಾಹನದವರು ಬೀಗ ನೋಡಿ ಮಸೀದಿಯ ಹಿಂದಿನ ಗೋಡೆಗೆ ಹೋದರು. ಗಂಡಸರಿಗೆ ಗೋಡೆ ಸಾಕು. ಹೆಂಗಸರು ಹಾಗೇ ವಾಪಸ್ ಗಾಡಿ ಹತ್ತಿದರು. ಸಕ್ಕರೆ ಕಾಯಿಲೆಯ ಮುದುಕರು ಮೌಝಿನ್ ಎಲ್ಲಿ ಎಂದು ಹುಡುಕಿಕೊಂಡು ಓಡಾಡಿದರು. ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಸಿರಿಂಜ್ ಸಿಕ್ಕಿತು. ಈ ಸಲ ಗೋಡೆಯ ಹಿಂದಿನ ಬಯಲಿನಲ್ಲಿ, ಸಂಜೆ ಹೊತ್ತು ಮಕ್ಕಳು ಬರಿಗಾಲಿನಲ್ಲಿ ಕ್ರಿಕೆಟ್ ಆಡುವ ಜಾಗದಲ್ಲಿ.

ಬೀಗ ಹಾಕಿದವರ ಮೇಲೆ ನಮಗೆ ಸಿಟ್ಟಿಲ್ಲ. ಹೆದರಿಕೆ ಯಾರಿಗಿಲ್ಲ? ಆದರೆ ಬೀಗ ಸೂಜಿಯನ್ನು ಇಲ್ಲವಾಗಿಸುವುದಿಲ್ಲ, ಅದರ ಜಾಗ ಬದಲಿಸುತ್ತದೆ ಅಷ್ಟೇ. ಸಿಮೆಂಟ್ ನೆಲದ ಮೇಲೆ ಕಣ್ಣಿಗೆ ಕಾಣುತ್ತಿದ್ದದ್ದು ಹುಲ್ಲಿನೊಳಗೆ ಹೋಗಿ ಅಡಗುತ್ತದೆ. ಜನ ನಡೆಯುವ ದಾರಿಯಿಂದ ನೋವು ಕೊಡುವ ವಸ್ತುವನ್ನು ಎತ್ತಿ ಬದಿಗಿಡುವುದು ಈಮಾನಿನ ಭಾಗ ಅಂತ ನಾವು ಎರಡನೇ ಕ್ಲಾಸಿನ ಮಕ್ಕಳಿಗೆ ಕಲಿಸುತ್ತೇವೆ. ದಾರಿಯನ್ನೇ ಮುಚ್ಚಿ ಅಂತ ಕಲಿಸುವುದಿಲ್ಲ.

ಆ ಸೂಜಿ ಯಾರದ್ದು?

ಇಲ್ಲಿ ಒಂದು ಮಾತು ಹೇಳಲೇಬೇಕು. ಟಾಯ್ಲೆಟ್‌ನಲ್ಲಿ ಸಿಕ್ಕಿದ ಪ್ರತಿ ಸೂಜಿಯೂ ಅಮಲಿನವನದ್ದಲ್ಲ. ನಮ್ಮ ಬ್ಯಾರಿ ಮನೆಗಳನ್ನೇ ತೆಗೆದುಕೊಳ್ಳಿ. ಬಿರಿಯಾನಿ, ಗಂಜಿ, ಚಾಯ, ಪುನಃ ಚಾಯ. ಸಕ್ಕರೆ ಕಾಯಿಲೆ ಇಲ್ಲದ ಮನೆ ಎಷ್ಟಿದೆ ಹೇಳಿ! ಇನ್ಸುಲಿನ್ ತೆಗೆದುಕೊಳ್ಳುವವರು ಮದುವೆಗೆ ಹೋದಲ್ಲಿ, ಹೋಟೆಲಿನಲ್ಲಿ, ಪ್ರಯಾಣದಲ್ಲಿ ಊಟಕ್ಕೆ ಮೊದಲು ಚುಚ್ಚಿಕೊಳ್ಳಬೇಕು. ನಾಲ್ಕು ಜನರ ಎದುರು ಅಂಗಿ ಎತ್ತಲು ನಾಚಿಕೆ. ಟಾಯ್ಲೆಟ್‌ಗೆ ಹೋಗುತ್ತಾರೆ, ಚುಚ್ಚಿಕೊಳ್ಳುತ್ತಾರೆ, ಸೂಜಿಯನ್ನು ಗವಾಕ್ಷಿಯಲ್ಲೋ ಮೂಲೆಯಲ್ಲೋ ಇಟ್ಟು ಬರುತ್ತಾರೆ. ಕಸದ ಬುಟ್ಟಿ ಇದ್ದರೆ ಅದರೊಳಗೆ. ಇನ್ಸುಲಿನ್ ಪೆನ್ನಿನ ಸೂಜಿ ಎಷ್ಟು ಚಿಕ್ಕದು ಅಂದರೆ ಕಸ ಎತ್ತುವವರ ಕಣ್ಣಿಗೆ ಬೀಳುವುದೇ ಇಲ್ಲ. ಕೈಗೆ ಚುಚ್ಚಿದ ಮೇಲೆ ಗೊತ್ತಾಗುತ್ತದೆ.

ವ್ಯತ್ಯಾಸ ತಿಳಿಯಲು ಕೆಲವು ಗುರುತುಗಳಿವೆ. ಇನ್ಸುಲಿನ್ ಸಿರಿಂಜ್ ಸಣ್ಣದು, ಸಾಮಾನ್ಯವಾಗಿ ಒಂದು ಎಂಎಲ್ ಅಥವಾ ಅದಕ್ಕೂ ಕಡಿಮೆ, ಮೈಮೇಲೆ ಯೂನಿಟ್ ಲೆಕ್ಕದ ಗೆರೆ. ಸೂಜಿಯ ಜೊತೆಗೆ ಸುಟ್ಟು ಕಪ್ಪಾದ ಚಮಚ, ಬೆಳ್ಳಿ ಬಣ್ಣದ ಹಾಳೆಯ ತುಂಡು, ರಕ್ತ ಹತ್ತಿದ ಹತ್ತಿ, ತೋಳಿಗೆ ಕಟ್ಟಿದ ರಬ್ಬರ್, ಖಾಲಿ ಮಾತ್ರೆ ಪಟ್ಟಿ ಬಿದ್ದಿದ್ದರೆ ಅದು ಬೇರೆ ಕತೆ. ಆದರೆ ಅಮಲಿನವರೂ ಇನ್ಸುಲಿನ್ ಸಿರಿಂಜನ್ನೇ ಬಳಸುವುದುಂಟು. ಹಾಗಾಗಿ ಗುರುತು ನೋಡಿ ಒಬ್ಬನ ಮೇಲೆ ಆರೋಪ ಹೊರಿಸಬಾರದು, ಗುರುತು ನೋಡಿ ಅಸಡ್ಡೆಯನ್ನೂ ಮಾಡಬಾರದು. ಎತ್ತುವ ರೀತಿ ಎರಡಕ್ಕೂ ಒಂದೇ.

ನಮ್ಮ ದೇಶದಲ್ಲಿ ಚುಚ್ಚಿಕೊಳ್ಳುವವರು ಎಷ್ಟು ಮಂದಿ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಸುಮಾರು 8.5 ಲಕ್ಷ ಅಂತ ಅಂದಾಜು ಮಾಡಿತ್ತು. ಗಾಂಜಾ ಸೇದುವವರ, ಮಾತ್ರೆ ನುಂಗುವವರ ಮುಂದೆ ಇದು ಚಿಕ್ಕ ಸಂಖ್ಯೆ. ಆದರೆ ಚುಚ್ಚುವುದು ಹೆರಾಯಿನ್ ಮಾತ್ರ ಅಂತ ತಿಳಿಯಬೇಡಿ. ಟಪೆಂಟಡಾಲ್‌ನಂಥ ನೋವಿನ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕರಗಿಸಿ ನರಕ್ಕೆ ಏರಿಸುವವರಿದ್ದಾರೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಮಾತ್ರೆ ಅದು. ಪುಡಿಯಲ್ಲಿರುವ ಮಾತ್ರೆಯ ಅಂಟು ಕರಗದೆ ರಕ್ತನಾಳ ಕಟ್ಟಿ, ಕೈ ಕೊಳೆಯುವುದೂ ಇದೆ.

ಚುಚ್ಚಿದರೆ ಏನಾಗುತ್ತದೆ

ವಾಟ್ಸ್‌ಆ್ಯಪ್‌ನಲ್ಲಿ ಒಂದು ಹಳೆಯ ಸುದ್ದಿ ಆಗಾಗ ಎದ್ದು ಬರುತ್ತದೆ. ಸಿನಿಮಾ ಸೀಟಿನಲ್ಲಿ, ಬಸ್ಸಿನಲ್ಲಿ, ಟಾಯ್ಲೆಟ್‌ನಲ್ಲಿ ಯಾರೋ ಎಚ್‌ಐವಿ ಸೂಜಿ ಸಿಕ್ಕಿಸಿಟ್ಟಿದ್ದಾರೆ, ಎಲ್ಲರಿಗೂ ಕಳುಹಿಸಿ ಅಂತ. ಮೊಬೈಲ್‌ನಲ್ಲಿ ಎಸ್‌ಎಂಎಸ್ ಮಾತ್ರ ಇದ್ದ ಕಾಲದಿಂದಲೂ ಇದೆ. ಹೊರದೇಶಗಳಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ಮೇಲೆ ಸೂಜಿ ಒರೆಸಿದ ಕಲೆ ಅಂತ ಫೋಟೊ ಓಡಾಡುತ್ತದೆ. ನಮ್ಮಲ್ಲಿ ಪೇಪರ್ ಎಲ್ಲಿದೆ, ನೀರೇ ತಾನೇ. ಇಂಥವನ್ನು ಕಳುಹಿಸುವವರಿಗೆ ಪುಣ್ಯ ಸಿಗುವುದಿಲ್ಲ. ಹೆಂಗಸರು ಇನ್ನಷ್ಟು ನೀರು ಕುಡಿಯುವುದನ್ನು ಬಿಡುತ್ತಾರೆ, ಅಷ್ಟೇ ಲಾಭ.

ವೈದ್ಯಶಾಸ್ತ್ರ ಹೇಳುವುದು ಇಷ್ಟು. ಆಸ್ಪತ್ರೆಯಲ್ಲಿ ಎಚ್‌ಐವಿ ಇರುವ ರೋಗಿಗೆ ಬಳಸಿದ ತಾಜಾ ಸೂಜಿ ನರ್ಸ್ ಕೈಗೆ ಚುಚ್ಚಿದರೂ ಸೋಂಕು ತಗಲುವುದು 1,000ದಲ್ಲಿ ಸುಮಾರು 3 ಮಂದಿಗೆ. ನೆಲದ ಮೇಲೆ ಬಿದ್ದು ರಕ್ತ ಒಣಗಿದ ಸೂಜಿಯಿಂದ ಅದಕ್ಕಿಂತಲೂ ಬಹಳ ಕಡಿಮೆ, ಯಾಕೆಂದರೆ ಆ ವೈರಾಣು ಹೊರಗಿನ ಗಾಳಿಯಲ್ಲಿ ಬಾಳುವುದಿಲ್ಲ. ಹೆದರಬೇಕಾದದ್ದು ಹೆಪಟೈಟಿಸ್ ಬಿ ಬಗ್ಗೆ. ಅದು ಒಣ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವಂತ ಇರಬಲ್ಲದು. ಹೆಪಟೈಟಿಸ್ ಸಿ ಸಿರಿಂಜಿನ ಒಳಗೆ ವಾರಗಟ್ಟಲೆ ಉಳಿಯುತ್ತದೆ. ಬಿಗೆ ಲಸಿಕೆ ಇದೆ. ದೇಶವಿಡೀ ಮಕ್ಕಳ ಲಸಿಕೆ ಪಟ್ಟಿಗೆ ಅದು ಸೇರಿದ್ದು 2011ರಲ್ಲಿ. ಅಂದರೆ ಇವತ್ತಿನ ಶಾಲಾ ಮಕ್ಕಳಿಗೆ ಸಿಕ್ಕಿರುತ್ತದೆ, ಶೌಚಾಲಯ ತೊಳೆಯುವ 45 ವರ್ಷದ ಮನುಷ್ಯನಿಗೆ ಸಿಕ್ಕಿರುವುದಿಲ್ಲ. ಸಿಗೆ ಲಸಿಕೆ ಇಲ್ಲ, ಆದರೆ ಮಾತ್ರೆಯಿಂದ ಗುಣವಾಗುತ್ತದೆ. 2018ರಿಂದ ಸರಕಾರಿ ಯೋಜನೆಯಲ್ಲಿ ಆ ಚಿಕಿತ್ಸೆ ಉಚಿತ.

ಸೂಜಿ ಚುಚ್ಚಿತು ಅಂತಿಟ್ಟುಕೊಳ್ಳಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹಿಂಡಬಾರದು, ಬಾಯಲ್ಲಿ ಇಟ್ಟು ಚೀಪಬಾರದು, ಸುಣ್ಣ, ಅರಿಶಿನ, ಆಸಿಡ್ ಏನೂ ಹಚ್ಚಬಾರದು. ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕು ಅಂತ ವೈದ್ಯರು ತೀರ್ಮಾನಿಸಿದರೆ ಅದನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ, ಧನುರ್ವಾಯುವಿನ ಇಂಜೆಕ್ಷನ್ ಕೂಡ ಅದೇ ಹೊತ್ತಿಗೆ. ಶಿರಾದಿಂದ ತುಮಕೂರು ಜಿಲ್ಲಾ ಆಸ್ಪತ್ರೆಗೆ 50 ಕಿಲೋಮೀಟರ್‌ಗಿಂತ ಹೆಚ್ಚು ದೂರ. ಹಳ್ಳಿಯ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಕೇವಲ ಒಂದು ಸೂಜಿ ಚುಚ್ಚಿತು ಅಂತ ಹೋಗುತ್ತಾನಾ? ಹೋಗುವುದಿಲ್ಲ. ಅವನನ್ನು ಗಾಡಿ ಮಾಡಿ ಕಳುಹಿಸುವುದು ಕೆಲಸ ಕೊಟ್ಟವರ ಜವಾಬ್ದಾರಿ.

ತೊಳೆಯುವವನ ಕೈ

ಮಸೀದಿಯ, ಮದುವೆ ಹಾಲಿನ, ಬಸ್ ನಿಲ್ದಾಣದ ಟಾಯ್ಲೆಟ್ ತೊಳೆಯುವವರನ್ನು ನೋಡಿದ್ದೀರಾ? ಕೈಯಲ್ಲಿ ಗ್ಲೌಸ್ ಇರುವುದಿಲ್ಲ. ಇದ್ದರೂ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ತೆಳು ಪ್ಲಾಸ್ಟಿಕ್. ಸೂಜಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕಾಲಿನಲ್ಲಿ ಹವಾಯಿ ಚಪ್ಪಲಿ. ಕಸದ ಚೀಲವನ್ನು ಕೈಯಿಂದ ಒತ್ತಿ ಒತ್ತಿ ತುಂಬುತ್ತಾರೆ. ಸೂಜಿ ನೆಲದಿಂದ ಎತ್ತುವಾಗ ಮಾತ್ರ ಅಲ್ಲ, ಹೀಗೆ ಒತ್ತುವಾಗಲೂ ಚುಚ್ಚುತ್ತದೆ.

ಬೇಕಾದದ್ದು ದೊಡ್ಡ ಖರ್ಚಿನದ್ದೇನಲ್ಲ. ದಪ್ಪ ರಬ್ಬರ್ ಗ್ಲೌಸ್, ಮುಚ್ಚಿದ ಬೂಟು, ಉದ್ದನೆಯ ಇಕ್ಕಳ, ಮತ್ತು ತಿರುಪಿನ ಮುಚ್ಚಳ ಇರುವ ದಪ್ಪ ಪ್ಲಾಸ್ಟಿಕ್ ಬಾಟ್ಲಿ. ಟಾಯ್ಲೆಟ್ ಕ್ಲೀನರ್ ಮುಗಿದ ಖಾಲಿ ಬಾಟ್ಲಿಯೇ ಸಾಕು. ನೀರಿನ ಬಾಟ್ಲಿ ಆಗುವುದಿಲ್ಲ, ತೆಳು. ಮೇಲಾಗಿ ಯಾರಾದರೂ ಎತ್ತಿ ಕುಡಿಯಬಹುದು. ಬಾಟ್ಲಿಯನ್ನು ಸೂಜಿಯ ಹತ್ತಿರ ನೆಲದ ಮೇಲೆ ನಿಲ್ಲಿಸಬೇಕು. ಒಂದು ಕೈಯಲ್ಲಿ ಬಾಟ್ಲಿ ಹಿಡಿದು ಇನ್ನೊಂದು ಕೈಯಿಂದ ಸೂಜಿ ಹಾಕಬಾರದು, ಹಿಡಿದ ಕೈಗೇ ಚುಚ್ಚುತ್ತದೆ. ಸಿರಿಂಜಿನ ಮಧ್ಯ ಭಾಗವನ್ನು ಇಕ್ಕಳದಲ್ಲಿ ಹಿಡಿದು, ಸೂಜಿಯ ಮೊನೆ ಕೆಳಗೆ ಮಾಡಿ ಒಳಗೆ ಬಿಡಬೇಕು. ಮುಚ್ಚಳ ಬಿದ್ದಿದ್ದರೆ ಸೂಜಿಗೆ ಪುನಃ ಹಾಕಲು ಹೋಗಬಾರದು. ಸೂಜಿಯನ್ನು ಬಗ್ಗಿಸುವುದು, ಮುರಿಯುವುದು, ಕಮೋಡಿನಲ್ಲಿ ಹಾಕಿ ನೀರು ಬಿಡುವುದು ಬೇಡ. ನಾಳೆ ಪಿಟ್ ತೆಗೆಯುವವನಿಗೆ ಅದು ಕಾದಿರುತ್ತದೆ. ಬಾಟ್ಲಿ ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ, ಟೇಪು ಸುತ್ತಿ, 'ಸೂಜಿ ಇದೆ' ಅಂತ ಬರೆದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರ ಹತ್ತಿರ ಮಾತಾಡಿ ಕೊಡಬೇಕು. ಆಸ್ಪತ್ರೆಗಳು ಸೂಜಿಗಳನ್ನು ಚುಚ್ಚದಂಥ ಬಿಳಿ ಡಬ್ಬದಲ್ಲಿ ಬೇರೆಯಾಗಿ ಕಳುಹಿಸಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ, ಆದ್ದರಿಂದ ಅವರಲ್ಲಿ ವ್ಯವಸ್ಥೆ ಇರುತ್ತದೆ.

ನೆಲದಲ್ಲಿ ರಕ್ತ ಇದ್ದರೆ ಮೊದಲು ಹಳೆ ಬಟ್ಟೆ ಅಥವಾ ಪೇಪರ್ ಹಾಸಿ, ಅದರ ಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ 15–20 ನಿಮಿಷ ಬಿಟ್ಟು ತೆಗೆಯಬೇಕು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಪೌಡರ್, ಅಂದರೆ ಎರಡು ದೊಡ್ಡ ಚಮಚ. ಇಲ್ಲೊಂದು ಅಪಾಯ ಇದೆ, ದಯವಿಟ್ಟು ಮನೆಯ ಹೆಂಗಸರೂ ಓದಬೇಕು. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೇರಿಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಗಾಳಿ ಆಡದ ಸಣ್ಣ ಟಾಯ್ಲೆಟ್ ಒಳಗೆ ಅದು ಶ್ವಾಸಕೋಶವನ್ನೇ ಸುಡುತ್ತದೆ. ಎರಡೂ ಹಾಕಿದರೆ ಡಬಲ್ ಕ್ಲೀನ್ ಆಗುತ್ತದೆ ಅಂತ ತಿಳಿದವರು ತುಂಬಾ ಮಂದಿ ಇದ್ದಾರೆ.

ಬಾಗಿಲು, ಬೆಳಕು, ಚಿಲಕ

ಈ ತೊಂದರೆ ನಮಗೊಬ್ಬರಿಗೆ ಬಂದದ್ದಲ್ಲ. ಯುರೋಪ್, ಅಮೆರಿಕಗಳಲ್ಲಿ ಹಿಂದಿನಿಂದಲೂ ಇದೆ. ಅಲ್ಲಿ ಕೆಲವು ಕಡೆ ಟಾಯ್ಲೆಟ್‌ಗೆ ನೀಲಿ ದೀಪ ಹಾಕಿದರು. ನೀಲಿ ಬೆಳಕಿನಲ್ಲಿ ಕೈಯ ನರ ಕಾಣುವುದಿಲ್ಲ, ಚುಚ್ಚಲು ಆಗುವುದಿಲ್ಲ ಅನ್ನುವ ಲೆಕ್ಕ. ಆದದ್ದೇ ಬೇರೆ. ಚಟ ಹತ್ತಿದವರು ಕಾಣದಿದ್ದರೂ ಚುಚ್ಚಿಕೊಂಡರು, ತಪ್ಪಾಗಿ ಚುಚ್ಚಿಕೊಂಡು ಇನ್ನಷ್ಟು ರಕ್ತ ಸುರಿಸಿದರು. ಆ ರಕ್ತ ನೀಲಿ ಬೆಳಕಿನಲ್ಲಿ ತೊಳೆಯುವವರಿಗೆ ಕಾಣಲಿಲ್ಲ. ಕಣ್ಣು ಮಂಜಾದ ಮುದುಕರು ಎಡವಿದರು. ಆಸ್ಟ್ರೇಲಿಯದಲ್ಲಿ ಬೇರೆ ದಾರಿ ಹಿಡಿದರು: ಸಾರ್ವಜನಿಕ ಟಾಯ್ಲೆಟ್‌ನ ಗೋಡೆಗೇ ಬೀಗ ಇರುವ ಹಳದಿ ಸೂಜಿ ಡಬ್ಬ ಬಡಿದರು. ಇನ್ಸುಲಿನ್‌ನವನೂ ಹಾಕುತ್ತಾನೆ, ಇನ್ನೊಬ್ಬನೂ ಹಾಕುತ್ತಾನೆ, ಯಾರು ಅಂತ ಕೇಳುವವರಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2008ರಲ್ಲಿ ಒಂದು ಹೊಸ ನಮೂನೆಯ ಟಾಯ್ಲೆಟ್ ಮಾಡಿದರು. ಕೆಳಗೂ ಮೇಲೂ ಓರೆಯಾದ ಕಬ್ಬಿಣದ ಪಟ್ಟಿಗಳು. ಹೊರಗಿನವರಿಗೆ ಒಳಗಿರುವವರ ಪಾದ ಮಾತ್ರ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಒಳಗೆ ಎಷ್ಟು ಮಂದಿ ಇದ್ದಾರೆ, ನಿಂತಿದ್ದಾರಾ ಬಿದ್ದಿದ್ದಾರಾ ಅಂತ ಗೊತ್ತಾಗುತ್ತದೆ. ಔರತ್ ಮುಚ್ಚುವ ವಿಷಯದಲ್ಲಿ ನಾವು ಕಟ್ಟುನಿಟ್ಟು. ಆದರೂ ಬಾಗಿಲಿನ ಕೆಳಗೆ ಒಂದು ಗೇಣು ಬಿಡುವುದರಲ್ಲಿ ತೊಂದರೆ ಏನೂ ಕಾಣುವುದಿಲ್ಲ.

ಬಿದ್ದಿದ್ದಾರಾ ಅಂತ ಹೇಳಿದೆವಲ್ಲ, ಅದೇ ಮುಖ್ಯ. ಹೆರಾಯಿನ್, ಟಪೆಂಟಡಾಲ್ ಜಾತಿಯ ಅಮಲು ಹೆಚ್ಚಾದರೆ ಉಸಿರು ನಿಧಾನವಾಗುತ್ತಾ ನಿಲ್ಲುತ್ತದೆ. ತುಟಿ ನೀಲಿಗಟ್ಟುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುತ್ತದೆ. ಕೆಲವೇ ನಿಮಿಷಗಳ ಆಟ. ಒಳಗಿನಿಂದ ಹಾಕಿದ ಕಬ್ಬಿಣದ ಚಿಲಕ ಒಡೆಯುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಬೇಕು, ಬಾಗಿಲು ಹೊರಗಡೆಗೆ ತೆರೆಯುವಂತಿರಬೇಕು. ಇದು ಅಮಲಿನವನಿಗೆ ಮಾತ್ರ ಅಲ್ಲ, ಸುಬ್ಹಿಗೆ ಬಂದು ಒಳಗೆ ತಲೆ ತಿರುಗಿ ಬಿದ್ದ ಹಿರಿಯರಿಗೂ ಬೇಕಾಗುತ್ತದೆ. ಹೀಗೆ ಬಿದ್ದವರು ಸಿಕ್ಕಿದರೆ ಮುಖಕ್ಕೆ ನೀರು ಎರಚುತ್ತಾ, ಬೈಯುತ್ತಾ ನಿಲ್ಲಬೇಡಿ. ಉಸಿರಾಡುತ್ತಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿರಬಹುದು ಅಂತ ಆಂಬ್ಯುಲೆನ್ಸಿನವರಿಗೆ ಮುಚ್ಚಿಡದೆ ಹೇಳಿ. ಅದಕ್ಕೆ ನಲೋಕ್ಸೋನ್ ಅನ್ನುವ ಮದ್ದಿದೆ.

ಇನ್ನು ಅಡಗಿಸುವ ಜಾಗಗಳು. ಪೊಟ್ಟಣ ಇಡುವವರು ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತುತ್ತಾರೆ, ಸೀಲಿಂಗ್ ಶೀಟ್ ಸರಿಸುತ್ತಾರೆ, ಸ್ವಿಚ್ ಬೋರ್ಡ್ ಬಿಚ್ಚುತ್ತಾರೆ, ಬಲ್ಬ್ ಕಳಚಿ ಕತ್ತಲೆ ಮಾಡುತ್ತಾರೆ. ಒಂದು ವಾರದಲ್ಲಿ ಎರಡು ಸಲ ಬಲ್ಬ್ ಹೋಯಿತು ಅಂದರೆ ವೋಲ್ಟೇಜ್ ಅಂತ ಸುಮ್ಮನಿರಬಾರದು. ಟ್ಯಾಂಕಿನ ಮುಚ್ಚಳಕ್ಕೆ ಸ್ಕ್ರೂ ಹಾಕುವುದು, ಗವಾಕ್ಷಿಯ ಕಟ್ಟೆಯನ್ನು ಓರೆ ಮಾಡಿ ಏನೂ ನಿಲ್ಲದಂತೆ ಮಾಡುವುದು, ಬಲ್ಬಿಗೆ ಜಾಲರಿ ಹಾಕುವುದು, ಬಿಳಿ ಟೈಲ್ಸ್ ಹಾಕುವುದು, ಇವೆಲ್ಲ ಒಬ್ಬ ಮೇಸ್ತ್ರಿಯ ಎರಡು ದಿನದ ಕೆಲಸ. ಉಳಿದದ್ದು ಮನುಷ್ಯನ ಕೆಲಸ. ಎರಡು ಗಂಟೆಗೊಮ್ಮೆ ಒಬ್ಬ ಒಳಗೆ ಹೋಗಿ ನೋಡಿ ಬಂದು ಗೋಡೆಯ ಹಾಳೆಯಲ್ಲಿ ಸಮಯ ಬರೆಯುವುದು. ಯಾರೋ ಬರುತ್ತಾ ಹೋಗುತ್ತಾ ಇದ್ದಾರೆ ಅಂತ ಗೊತ್ತಾದ ಜಾಗದಲ್ಲಿ ಕೂರಲು ಆಸೆಪಡುವವರು ಕಡಿಮೆ. ಕ್ಯಾಮೆರಾ ಹಾಕುವುದಾದರೆ ಹೊರಗಿನ ಅಂಗಳಕ್ಕೆ ಮಾತ್ರ. ಶೌಚಾಲಯದ ಒಳಗೆ ಯಾವ ಹೆಸರಿನಲ್ಲೂ ಕ್ಯಾಮೆರಾ ಕೂಡದು, ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಹೆಂಗಸರ ಖಾಸಗಿ ದೃಶ್ಯ ಸೆರೆಹಿಡಿದರೆ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು.

ಕಮಿಟಿಯವರ ಹೆದರಿಕೆ

ಜಮಾಅತ್ ಕಮಿಟಿಯವರನ್ನು ಕೇಳಿದರೆ ಹೇಳುವ ಮಾತು: "ಪೊಲೀಸರು ಬಂದು ನಮ್ಮ ಮೇಲೇ ಕೇಸ್ ಹಾಕಿದರೆ?" ಮಾದಕವಸ್ತು ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಇದೆ, ಹೌದು. ತನ್ನ ಜಾಗವನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವನಿಗೆ ಶಿಕ್ಷೆ. 'ಗೊತ್ತಿದ್ದೂ' ಅನ್ನುವ ಪದವೇ ಅದರ ಜೀವ. ಸೂಜಿ ಸಿಕ್ಕಿದ್ದನ್ನು ತಾರೀಕು ಹಾಕಿ ಪುಸ್ತಕದಲ್ಲಿ ಬರೆದು, ಠಾಣೆಗೆ ತಿಳಿಸಿ, ಬೆಳಕು ಹಾಕಿಸಿದ ಕಮಿಟಿ ಗೊತ್ತಿದ್ದೂ ಬಿಟ್ಟದ್ದಲ್ಲ. ಮಾನ ಹೋಗುತ್ತದೆ ಅಂತ ಮುಚ್ಚಿಟ್ಟ ಕಮಿಟಿಗೇ ಹೆಚ್ಚು ಕಷ್ಟ. ಪೊಟ್ಟಣ ಸಿಕ್ಕಿದರೆ ಮಾತ್ರ ಮುಟ್ಟದೆ, ಮೂಸದೆ, ಕಮೋಡಿಗೆ ಸುರಿಯದೆ 112ಕ್ಕೆ ಹೇಳಬೇಕು. ಮಾರುವವರ ಬಗ್ಗೆ ಹೆಸರು ಹೇಳದೆ ತಿಳಿಸಲು 1933 ಇದೆ. ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೋ 2024ರಲ್ಲಿ ಶುರು ಮಾಡಿದ್ದು.

ಒಳಗಿದ್ದವನು ನಮ್ಮದೇ ಮಹಲ್ಲಿನ ಹುಡುಗ ಆಗಿದ್ದರೆ? ಆಗಿರುತ್ತಾನೆ, ಒಂದಲ್ಲ ಒಂದು ದಿನ. ಅವನನ್ನು ಹಿಡಿದು ಹೊಡೆದು ವೀಡಿಯೊ ಮಾಡಿ ಗ್ರೂಪಿಗೆ ಹಾಕುವ ಹೊಸ ಚಟ ಇನ್ನೊಂದು ಇದೆ. ಅಮಲಿಗಿಂತ ಅದೇನೂ ಕಮ್ಮಿ ಅಲ್ಲ. ಹಾಗೆ ಮಾಡಿದ ಮೇಲೆ ಆ ಹುಡುಗ ಮಸೀದಿಗೆ ಬರುವುದನ್ನು ಬಿಡುತ್ತಾನೆ, ಅಮಲನ್ನಲ್ಲ. ಸೇವಿಸಿದ್ದಕ್ಕೆ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಮಾದಕವಸ್ತು ಯಾವುದು ಅನ್ನುವುದರ ಮೇಲೆ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಜೈಲು ಇದೆ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಬಗ್ಗೆ ಯಾರೂ ಹೇಳುವುದಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಬಂದ ವ್ಯಸನಿ ತಾನಾಗಿ ಮಾನ್ಯತೆ ಇರುವ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪೂರ್ತಿ ಮಾಡಿದರೆ ಅವನಿಗೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಮಧ್ಯದಲ್ಲಿ ಬಿಟ್ಟು ಬಂದರೆ ವಿನಾಯಿತಿ ಹೋಗುತ್ತದೆ. ಉಮ್ಮಂದಿರು ಈ ಒಂದು ನಂಬರನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಲಿ: 14446, ವ್ಯಸನ ಬಿಡಿಸಲು ಸಲಹೆ ಕೊಡುವ ಉಚಿತ ಸಹಾಯವಾಣಿ.

ದುಡ್ಡಿನ ಮಾತು ಬಂದೇ ಬರುತ್ತದೆ. ನಮ್ಮ ಕಡೆ ಮಿನಾರಕ್ಕೆ, ಝೂಮರ್ ದೀಪಕ್ಕೆ ಗಲ್ಫ್‌ನಿಂದ ದುಡ್ಡು ಬರಲು ವಾರ ಸಾಕು. ಶೌಚಾಲಯಕ್ಕೆ ಅಂತ ರಶೀದಿ ಪುಸ್ತಕ ಹಿಡಿದು ಹೊರಟವರನ್ನು ನಾವು ಇದುವರೆಗೆ ನೋಡಿಲ್ಲ. ಉಳ್ಳಾಲದಂಥ ದೊಡ್ಡ ಉರೂಸ್ ಬಂದಾಗ ಲಕ್ಷಗಟ್ಟಲೆ ಜನ ಸೇರುತ್ತಾರೆ, ಸಾಲಾಗಿ ತಾತ್ಕಾಲಿಕ ಟಾಯ್ಲೆಟ್ ನಿಲ್ಲಿಸುತ್ತಾರೆ. ಆ ಸಾಲಿನ ಕೊನೆಯಲ್ಲಿ ಒಂದು ಸೂಜಿ ಡಬ್ಬ, ಒಂದು ಒಳ್ಳೆ ಲೈಟು, ಹೆಂಗಸರ ಕಡೆ ಒಬ್ಬ ಹೆಂಗಸು ಕಾವಲು ಇರಲಿ ಅಂತ ಸಮಿತಿಯವರಲ್ಲಿ ನಮ್ಮ ಕೋರಿಕೆ. ಪಟ್ಟನಾಯಕನಹಳ್ಳಿಯ ಜಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ಹೆದ್ದಾರಿಯಲ್ಲಿ ಹೋಗುವವರು ಟೋಲ್ ಗೇಟಿನ ಶೌಚಾಲಯದಲ್ಲಿ ಏನಾದರೂ ಕಂಡರೆ 1033ಕ್ಕೆ ದೂರು ಹೇಳಬಹುದು. ನಾವು ಟೋಲ್ ಕಟ್ಟುತ್ತೇವೆ, ಕೇಳುವ ಹಕ್ಕಿದೆ.

ನಮ್ಮ ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದು ಮೂರೇ ಮಾತು: ಸೂಜಿ ಕಂಡರೆ ಮುಟ್ಟಬೇಡಿ, ಒಬ್ಬ ಅಲ್ಲೇ ದೂರ ನಿಂತು ಬೇರೆಯವರನ್ನು ತಡೆಯಲಿ, ಇನ್ನೊಬ್ಬ ಓಡಿ ಬಂದು ದೊಡ್ಡವರನ್ನು ಕರೆಯಲಿ. ವುಝೂ ಪಾಠದ ಜೊತೆಗೇ ಹೇಳಿದೆವು, ಸಿರಿಂಜಿನ ಚಿತ್ರ ಬೋರ್ಡಿನ ಮೇಲೆ ಬರೆದು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಹಜ್ರತ್, ನಮ್ ದಾದಿ ದಿನಾ ಎರಡು ಸೂಜಿ ಹಾಕ್ಕೋತಾರೆ, ಅದನ್ನ ಒಲೆ ಹಿಂದೆ ಬಿಸಾಕ್ತಾರೆ" ಅಂದ. ಇನ್ನೂ ನಾಲ್ಕು ಕೈ ಎದ್ದವು. ದಾದಿಯವರಿಗೆ ಖಾಲಿ ಬಾಟ್ಲಿಯ ವಿಷಯ ಹೇಳಿ, ನೀವು ಮಾತ್ರ ಸೂಜಿ ಮುಟ್ಟಬೇಡಿ ಅಂತ ಹೇಳಿ ಕಳುಹಿಸಿದೆವು. ಮರುದಿನ ಮೂವರು ಮಕ್ಕಳು ಖಾಲಿ ಬಾಟ್ಲಿ ಹಿಡಿದುಕೊಂಡೇ ಮದ್ರಸಕ್ಕೆ ಬಂದಿದ್ದರು, ಇದು ಆಗುತ್ತದಾ ಅಂತ ತೋರಿಸಲು. ಎರಡು ಗಟ್ಟಿ ಇದ್ದವು. ಮೂರನೆಯದಕ್ಕೆ ಮುಚ್ಚಳ ಇರಲಿಲ್ಲ. ಬೇರೆ ತಾ ಅಂತ ವಾಪಸ್ ಕಳುಹಿಸಿದ್ದೇವೆ.